ಒಂದೇ ಕಡೆ ನಿಂತ ಐದು ಚೆಂಡು

"ತಾಯೀ, ಒಬ್ಬ ಗುರು ಒಳ್ಳೆಯವರು ಹೌದೋ ಅಲ್ಲವೋ, ಪರೀಕ್ಷೆ ಮಾಡುವುದು ಹೇಗೆ?"

ಕೇಳಿದವನು ಶಿಷ್ಯ ಮರಿದೇವ. ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೇ ಬಂದಿದ್ದ. ಸಿದ್ದಮ್ಮ ತಾಯಿಯವರ ಆಶ್ರಮಕ್ಕೆ ಬರುವ ಮುಂಚೆ ಅವನು ಮೂರು ಮಠ ನೋಡಿದ್ದ. ಮೊದಲನೆಯ ಗುರು ಅವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರಂತೆ. ಎರಡನೆಯವರು ಅವನಿಗಿಂತ ಚಿಕ್ಕವನನ್ನು ಹೊಗಳಿದರಂತೆ. ಮೂರನೆಯವರು ನಾಲ್ಕು ಜನರ ಎದುರು ಅವನ ತಪ್ಪು ತಿದ್ದಿದರಂತೆ. ನಿನ್ನೆ ಪಾಠದ ನಡುವೆ ಸಿದ್ದಮ್ಮ ತಾಯಿಯೂ "ಸಾಕು, ಈಗ ಬೇರೆಯವರು ಹೇಳಲಿ" ಎಂದುಬಿಟ್ಟಿದ್ದರು.

ತಾಯಿ ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕೂತ್ಕೋ ಮಗಾ. ಹೋಗುವವನು ಒಂದು ಕತೆ ಕೇಳಿಕೊಂಡು ಹೋಗು," ಎಂದು ಶುರುಮಾಡಿದರು.

ಒಂದೂರಿನಲ್ಲಿ ಗಾಲ್ಫ್ ಮೈದಾನವಿತ್ತು. ಕೋಲಿನಿಂದ ಚೆಂಡು ಹೊಡೆದು ಹೊಡೆದು, ಕೊನೆಗೆ ಚೊಂಬಿನ ಬಾಯಿಯಷ್ಟಗಲದ ಕುಳಿಗೆ ಉರುಳಿಸುವ ಆಟ. ಆ ಕೊನೆಯ ಏಟಿಗೇ ಬೇರೆ ಕೋಲು, ಅದಕ್ಕೆ ಪಟರ್ ಎನ್ನುತ್ತಾರೆ. ಊರಲ್ಲಿ ನೀರು ಕಡಿಮೆ. ಹಾಗಾಗಿ ಕುಳಿಯ ಸುತ್ತ ಹುಲ್ಲಿಲ್ಲ, ಎಣ್ಣೆ ಬೆರೆಸಿದ ಮರಳು. ಒಂದೊಂದು ಏಟಿಗೂ ಮುಂಚೆ ಒಬ್ಬ ಹೆಂಗಸು ಹಲಗೆ ಎಳೆದು, ಚೆಂಡಿನಿಂದ ಕುಳಿಯವರೆಗೆ ದಾರಿ ನುಣುಪು ಮಾಡಬೇಕು.

ಅಲ್ಲಿ ಒಬ್ಬ ಪರೀಕ್ಷಕನಿದ್ದ. ದುಬಾರಿ ಪಟರ್‌ಗಳೆಲ್ಲ ಅವನ ಕೈ ದಾಟಿಯೇ ಹೋಗಬೇಕು. ಮೊದಲು ಕಣ್ಣಿಂದ ನೋಡುತ್ತಿದ್ದ, ಆಮೇಲೆ ಹಿಡಿದು ತೂಗುತ್ತಿದ್ದ, ಕೊನೆಗೆ ಐದು ಚೆಂಡು ಹೊಡೆಯುತ್ತಿದ್ದ. ಅವನು ಮುದ್ರೆ ಒತ್ತಿದರೆ ಅದು ಪಟರ್, ಒತ್ತದಿದ್ದರೆ ಗುಜರಿ. ಮೂವತ್ತು ವರ್ಷ ಅವನ ಮಾತಿಗೆ ಎದುರು ಮಾತಿರಲಿಲ್ಲ.

ಒಂದು ದಿನ ಒಬ್ಬ ಕಮ್ಮಾರ ಬಂದ. ಹನ್ನೊಂದು ತಿಂಗಳು ಬೇರೆ ಕೆಲಸ ಮುಟ್ಟದೆ ಒಂದೇ ಪಟರ್ ಮಾಡಿದ್ದ. ಮುದ್ರೆ ಸಿಗದಿದ್ದರೆ ಕುಲುಮೆ ಮುಚ್ಚುವುದೇ ಸೈ.

ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಅಲ್ಲಿ ನಿಂತವರೆಲ್ಲ ಹತ್ತಿರ ಸರಿದರು. ಹೊಳಪಿಲ್ಲ, ಚಿತ್ತಾರವಿಲ್ಲ. ಒಂದೇ ಉಕ್ಕಿನ ಗಟ್ಟಿಯಿಂದ ಕೆತ್ತಿದ್ದು, ಎಲ್ಲೂ ಬೆಸುಗೆಯ ಗೆರೆಯಿಲ್ಲ. ಪರೀಕ್ಷಕ ಹುಡುಕಿ ಹುಡುಕಿ ಸೋತ. ಕೈಗೆತ್ತಿಕೊಂಡ. ನಿದ್ದೆಹೋದ ಮಗುವನ್ನು ತೋಳಿಗೆ ಕೊಟ್ಟ ಹಾಗಾಯಿತು. ಭಾರವೂ ಅಲ್ಲ, ಹಗುರವೂ ಅಲ್ಲ, ಆದರೆ ಮೈಯೆಲ್ಲ ಎಚ್ಚರ.

ಹೆಂಗಸು ಹಲಗೆ ಎಳೆದಳು. ಅವನು ಹೊಡೆದ. ಚೆಂಡು ಕುಳಿಯ ಎಡಕ್ಕೆ ಎರಡು ಬೆರಳು ತಪ್ಪಿ, ಒಂದು ಗೇಣು ಮುಂದೆ ಹೋಗಿ ನಿಂತಿತು. ಮತ್ತೆ ಎಳೆದಳು, ಮತ್ತೆ ಹೊಡೆದ. ಅಲ್ಲೇ. ಹೀಗೆ ಐದು ಸಲ. ಒಂದೂ ಕುಳಿಗೆ ಬೀಳಲಿಲ್ಲ.

"ಅಯ್ಯೋ, ಇದೇನು ಕಮ್ಮಾರಪ್ಪ, ಬಾಗಿಲಿಗೆ ಅಗುಳಿ ಮಾಡಿದ್ದರೆ ನಾಲ್ಕು ಕಾಸಾದರೂ ಹುಟ್ಟುತ್ತಿತ್ತು!" ಎಂದು ಯಾರೋ ನಕ್ಕರು. ಕಮ್ಮಾರ ಕೋಲು ಸುತ್ತುವ ಬಟ್ಟೆ ಹರಡಿಕೊಂಡು, ಕೋಲಿಗೆ ಕೈ ಚಾಚಿದ.

ಪರೀಕ್ಷಕ ಕೊಡಲಿಲ್ಲ. ಅವನು ಚೆಂಡುಗಳನ್ನೇ ನೋಡುತ್ತಿದ್ದ. ಐದೂ ಒಂದಕ್ಕೊಂದು ತಾಗಿಕೊಂಡು, ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ ಕೂತಿದ್ದವು. ಮೂವತ್ತು ವರ್ಷದಲ್ಲಿ ಹೀಗೆ ಕಂಡಿರಲಿಲ್ಲ. ಕೆಟ್ಟ ಕೋಲು ಚೆಂಡನ್ನು ಚೆಲ್ಲಾಡುತ್ತದೆ. ಈ ಕೋಲು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದೆ, ಐದು ಸಲವೂ. ಹಾಗಾದರೆ ಹೇಳಿದ್ದು ಯಾರು?

ಆಗ ನೆನಪಾಯಿತು. ಪ್ರತಿ ಏಟಿಗೂ ಕೋಲಿನಿಂದ ಅಂಗೈಗೆ ಸಣ್ಣಗೆ ಒಂದು ನಡುಕ ಬಂದಿತ್ತು. ಏಟು ಓರೆ ಎಂದು ಕೋಲು ಐದು ಸಲವೂ ತಿಳಿಸಿತ್ತು, ಅವನೇ ಕೇಳಿಸಿಕೊಂಡಿರಲಿಲ್ಲ.

ಹಲಗೆಯವಳ ಕಡೆ ತಿರುಗಿದ. "ಇವತ್ತು ದಾರಿ ಹೇಗೆ ಎಳೆದೆಯಮ್ಮ?"

ಅವಳು ತಲೆ ತಗ್ಗಿಸಿದಳು. "ನೆಟ್ಟಗೆ ಎಳೆದೆ ಸ್ವಾಮಿ. ಮೂರು ವರ್ಷದಿಂದ ನಿಮ್ಮ ಮಣಿಕಟ್ಟು ಎಡಕ್ಕೆ ಎಳೀತದೆ. ಹಿರಿಯರು, ನಾಲ್ಕು ಜನರ ಮುಂದೆ ಹೇಳೋದು ಹೆಂಗೆ? ಎಡಗಡೆ ಮರಳು ಅಕ್ಕಿಕಾಳಷ್ಟು ಏರಿಸಿ ಎಳೀತಿದ್ದೆ, ಚೆಂಡು ತಾನೇ ಕುಳಿಗೆ ಬರ್ತಿತ್ತು."

"ಮತ್ತೆ ಇವತ್ತು?"

"ಆ ಕೋಲು ನೋಡಿದೆ ಸ್ವಾಮಿ. ಅದರ ಮುಂದೆ ಸುಳ್ಳು ಎಳೆಯೋಕೆ ಕೈ ಬರಲಿಲ್ಲ."

ಅವಳ ದನಿ ಅವನೊಬ್ಬನಿಗೇ ಕೇಳಿಸಿತ್ತು. ಸುತ್ತ ಜನ ಕಾಯುತ್ತಿದ್ದರು. ಕೋಲು ಸರಿಯಿಲ್ಲ ಎಂದರೆ ಮೂವತ್ತು ವರ್ಷದ ಹೆಸರು ಉಳಿಯುತ್ತದೆ, ಕಮ್ಮಾರನ ಕುಲುಮೆ ಆರುತ್ತದೆ. ಸರಿಯಿದೆ ಎಂದರೆ, ತಪ್ಪಿದ್ದು ಯಾರು ಎಂದು ಹೇಳಲೇಬೇಕು.

ಅವನು ಜೇಬಿನಿಂದ ಮುದ್ರೆ ತೆಗೆದ. ಪಟರಿನ ಹಿಡಿಯ ಮೇಲೆ ಒತ್ತಿದ. ಆಮೇಲೆ ಆ ಮುದ್ರೆಯನ್ನೇ, ಗುಂಪಿನಲ್ಲಿದ್ದ ಮೈದಾನದ ಯಜಮಾನನ ಕೈಗೆ ಒಪ್ಪಿಸಿಬಿಟ್ಟ.

"ಕೋಲು ಗೆದ್ದಿತು. ಇವತ್ತು ಸೋತಿದ್ದು ನನ್ನ ಕೈ," ಎಂದ.

ಕಮ್ಮಾರ ಮರಳಿನ ಮೇಲೇ ಕುಕ್ಕರಿಸಿ ಕೂತು, ಬಟ್ಟೆಯಿಂದ ಮುಖ ಒರೆಸಿಕೊಂಡ. ಆಮೇಲೆ ಎದ್ದು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷಕನ ಮುಂದೆ ಚಾಚಿ, "ಒಂದು ಚೆಂಡು ಕುಳಿಗೆ ಬೀಳುವವರೆಗೆ ನಿಮ್ಮ ಹತ್ತಿರವೇ ಇರಲಿ ಸ್ವಾಮಿ," ಎಂದ.

ಮಾರನೆಯ ಬೆಳಿಗ್ಗೆ ಪರೀಕ್ಷಕ ಅದೇ ಮರಳಿನ ಮೇಲೆ, ಮೊದಲ ಸಲ ಕೋಲು ಹಿಡಿದವನ ಹಾಗೆ ನಿಂತ. ಹಲಗೆಯವಳು ದಾರಿಯನ್ನು ನೆಟ್ಟಗೆ ಎಳೆದಳು.

ಕತೆ ಅಲ್ಲಿಗೆ ನಿಂತಿತು. ತಾಯಿ ಮಡಿಲಿನ ಸಿಪ್ಪೆ ಕೊಡವಿದರು. ಬಾಗಿಲ ಬಳಿಯ ಗಂಟನ್ನು ಒಮ್ಮೆ ನೋಡಿ, ಮರಿದೇವನನ್ನು ನೋಡಿದರು.

"ಮೂರು ಮಠದಲ್ಲೂ ನಿನ್ನ ಚೆಂಡು ಒಂದೇ ಕಡೆ ನಿಂತಿತ್ತಲ್ವೇನೋ ಮಗಾ?"

ಮರಿದೇವ ಎದ್ದು ಹೋಗಿ, ಬಾಗಿಲ ಬಳಿಯ ಗಂಟನ್ನು ಒಳಗೆ ತಂದಿಟ್ಟ.