ಫಕೀರವ್ವನ ಎಲೆಗೆ ಬಡಿಸಿದ ಪಚಡಿ

ಈ ಕಥೆಯಲ್ಲಿ ಗುರುಗಳು ಮುಗುಳ್ನಗುವುದಿಲ್ಲ. ನಗುವ ಗುರುಗಳ ಕಥೆಗಳು ಬೇಕಾದಷ್ಟಿವೆ, ಬೇಕಾದವರು ಅವನ್ನು ಓದಿಕೊಳ್ಳಲಿ. ಇದನ್ನು ಹೇಳುವಾಗ ನನಗೂ ಸಿಟ್ಟು ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ.

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿಯ ಗುರುಗಳು ಕರಿಬಸಜ್ಜ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರ ಬಳಿ ಒಂಬತ್ತು ವರ್ಷದಿಂದ ಕಲಿಯುತ್ತಿದ್ದ ಶಿಷ್ಯ ಶಂಭುಲಿಂಗ.

ಆಶ್ರಮದ ಮಧ್ಯಾಹ್ನದ ಊಟಕ್ಕೆ ದಿನವೂ ಪಚಡಿ ಇರಲೇಬೇಕು. ಎಳೆ ಸೌತೆಕಾಯಿ, ಗಜ್ಜರಿ, ಮೂಲಂಗಿ, ಮೆಂತ್ಯದ ಎಳೆ ಸೊಪ್ಪು, ಎಲ್ಲವೂ ಹಸಿ. ಬೇರೆ ಕಡೆ ಇದಕ್ಕೆ ಮೊಸರು ಸುರಿಯುತ್ತಾರೆ. ಇಲ್ಲಿ ಹಾಲು, ಮೊಸರು, ಮಜ್ಜಿಗೆ ಒಂದು ಹನಿಯೂ ಬೀಳುವಂತಿಲ್ಲ.

ಮೊಸರಿನ ಜಾಗದಲ್ಲಿ ಶೇಂಗಾ. ಹಿಂದಿನ ಸಂಜೆಯೇ ನೆನೆಹಾಕಬೇಕು. ಬೆಳಿಗ್ಗೆ ಸಿಪ್ಪೆ ತಿಕ್ಕಿ ತೆಗೆದು, ಹಸಿಶುಂಠಿ, ಹಸಿಮೆಣಸಿನಕಾಯಿ ಸೇರಿಸಿ ಒರಳಿನಲ್ಲಿ ರುಬ್ಬಬೇಕು. ನೀರು ಒಂದೊಂದೇ ಚಮಚ. ಕೈ ಸೋತ ಮೇಲೂ ಇನ್ನಷ್ಟು ಹೊತ್ತು ರುಬ್ಬಿದರೆ ಕೆನೆಯಂಥ ಬಿಳಿ ರಸ ಬರುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿ ತರಕಾರಿಗೆ ಕಲಸಬೇಕು. ಉಪ್ಪು ಮಾತ್ರ ಜನ ಪಂಕ್ತಿಗೆ ಕುಳಿತ ಮೇಲೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಇಷ್ಟೆಲ್ಲ ಫಕೀರವ್ವನಿಗಾಗಿ.

ಫಕೀರವ್ವ ಹೊಳೆಯ ಮರಳಿನಲ್ಲಿ ಸೌತೆ ಬೆಳೆಯುವವಳು. ಆಶ್ರಮದ ಪಚಡಿಗೆ ದಿನವೂ ಅವಳದೇ ಸೌತೆಕಾಯಿ. ಐವತ್ತು ದಾಟಿದ ಹೆಂಗಸು. ಹಾಲಿನದು ಒಂದು ತೊಟ್ಟು ಬಾಯಿಗೆ ಹೋದರೂ ಅವಳ ತುಟಿ ಊದುತ್ತದೆ, ಗಂಟಲು ಕಟ್ಟುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ.

ಊರಿನವರಿಗೆ ಇದು ತಿಳಿಯುವುದಿಲ್ಲ. ಬಾಗಿಲಿಗೆ ಬಂದವರಿಗೆಲ್ಲ ಮಜ್ಜಿಗೆ ಕೊಡುವ ಊರು ಅದು. ಬೇಡ ಎಂದವರಿಗೆ ಸೊಕ್ಕು ಎಂದು ಅರ್ಥ. ಮದುವೆ ಮನೆಗಳಲ್ಲಿ ಅಕ್ಕಿಕಾಳು ಹಾಕಿ ಹಸಿದ ಹೊಟ್ಟೆಯಲ್ಲೇ ಅವಳು ಮನೆಗೆ ನಡೆಯುತ್ತಿದ್ದಳು. "ಒಂದ ಗುಟುಕಿಗೆ ಸಾಯ್ತಾಳಂತ, ಮಹಾರಾಣಿ!" ಎಂದು ಹಿಂದಿನಿಂದ ನಗುತ್ತಿದ್ದರು. ನಕ್ಕವರ ಮನೆ ಹಾಳಾಗಲಿ.

ಹನ್ನೊಂದು ವರ್ಷದ ಹಿಂದೆ ಅಜ್ಜಾರು ಅವಳನ್ನು ಕರೆದು ಹೇಳಿದ್ದರು. "ಫಕೀರವ್ವಾ, ಈ ಪಂಕ್ತಿಯೊಳಗ ನೀ ಹೆದರಲಾರದ ಉಣ್ಣು. ಮಾತು ಕೊಟ್ಟೀನಿ."

ಅಂದಿನಿಂದ ಅವಳು ನಾಲ್ಕು ಜನರ ಜೊತೆ ಕುಳಿತು ಉಣ್ಣುತ್ತಿದ್ದ ಜಾಗ ಇಡೀ ಸೀಮೆಯಲ್ಲಿ ಇದೊಂದೇ.

ಹೊಳೆಯ ಆಚೆ ದಂಡೆಯವರು ಹೊಸ ಆಶ್ರಮ ಕಟ್ಟಿದರು. ಅದಕ್ಕೊಬ್ಬ ಗುರು ಬೇಕಿತ್ತು. ಅಜ್ಜಾರು ಶಂಭುಲಿಂಗನ ಹೆಸರು ಹೇಳಿದರು. ಅವನನ್ನು ನೋಡಿ ಹೋಗಲು ಐದು ಜನ ಹಿರಿಯರು ಬಂದರು. ಬರುವಾಗ ಒಂದು ಗಡಿಗೆ ಗಟ್ಟಿ ಮೊಸರು ತಂದರು.

"ಮಸರು ಹೊರಗ ಕಟ್ಟಿ ಮ್ಯಾಲ ಇಡು. ಬೇಕಾದವ್ರಿಗೆ ಕಡೀಕ ಬಡಸೋಣು" ಎಂದರು ಅಜ್ಜಾರು.

ಅಂದಿನ ಅಡುಗೆ ಶಂಭುಲಿಂಗನದು. ಹಿಂದಿನ ಸಂಜೆ ಅವನು ಹಿರಿಯರ ಮುಂದೆ ಹೇಳಬೇಕಾದ ಪ್ರವಚನವನ್ನು ಬಾಯಿಪಾಠ ಮಾಡುತ್ತಿದ್ದ. ಶೇಂಗಾ ನೆನೆಹಾಕುವುದು ಮರೆತುಹೋಯಿತು.

ನೆನೆಯದ ಶೇಂಗಾವನ್ನೇ ಒರಳಿಗೆ ಹಾಕಿದ. ರಸ ಬರಲಿಲ್ಲ. ತರಿತರಿಯಾಗಿ ಕಲ್ಲಿಗೆ ಮೆತ್ತಿಕೊಂಡಿತು. ಹೊತ್ತು ನೆತ್ತಿಗೆ ಬಂದಿತ್ತು.

ಕಟ್ಟೆಯ ಮೇಲಿನ ಗಡಿಗೆ ಕಂಡಿತು. ಎರಡು ಚಮಚ ಮೊಸರು ತಂದು ಹಾಕಿದ. ಸಾಲಲಿಲ್ಲ. ಇನ್ನೆರಡು ಹಾಕಿದ. ಈಗ ನೋಡಲು ಬೆಳ್ಳಗೆ, ನುಣ್ಣಗೆ ಚೆನ್ನಾಗಿತ್ತು.

ಪಂಕ್ತಿ ಕುಳಿತಿತು. ಹಿರಿಯರಲ್ಲಿ ಒಬ್ಬರು ಮೊದಲ ತುತ್ತಿಗೇ ತಲೆದೂಗಿದರು. "ಇಂಥಾ ಪಚಡಿ ನಾ ಉಂಡಿಲ್ಲ ಬಿಡ್ರಿ!" ಶಂಭುಲಿಂಗ ಹಿಗ್ಗಿದ. ಬಡಿಸುತ್ತ ಬಡಿಸುತ್ತ ಫಕೀರವ್ವನ ಎಲೆಯ ಮುಂದೆ ಬಂದ.

ಆಗ ಅವನಿಗೆ ನೆನಪಾಯಿತು. ಮರೆತಿದ್ದರೆ ಈ ಕಥೆಯೇ ಬೇರೆ. ಚೆನ್ನಾಗಿ ನೆನಪಾಯಿತು. ಬಡಿಸದೆ ಮುಂದೆ ಹೋದರೆ ಎಲ್ಲರೂ ಯಾಕೆ ಎಂದು ಕೇಳುತ್ತಾರೆ. ನಾಲ್ಕು ಚಮಚಕ್ಕೆ ಏನಾಗುತ್ತದೆ ಎಂದುಕೊಂಡ. ಬಡಿಸಿದ.

ಫಕೀರವ್ವ ಎರಡು ತುತ್ತು ತಿಂದಳು. ಮೂರನೆಯದು ಕೈಯಲ್ಲೇ ನಿಂತಿತು. ಅವಳು ಎಲೆ ನೋಡಿದಳು, ಶಂಭುಲಿಂಗನ ಮುಖ ನೋಡಿದಳು. ಮಾತಾಡಲು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ತುಟಿ ಆಗಲೇ ಊದಿತ್ತು.

ಅಜ್ಜಾರು ಎಂಜಲು ಕೈಯಲ್ಲೇ ಎದ್ದರು. ಅವಳನ್ನು ತಾವೇ ಎತ್ತಿ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಪೇಟೆಯ ದವಾಖಾನೆಗೆ ಓಡಿಸಿದರು. ದಾರಿಯುದ್ದಕ್ಕೂ ಅವಳ ಉಸಿರು ಶಿಳ್ಳೆ ಹಾಕುತ್ತಿತ್ತು. ಡಾಕ್ಟರು ಸೂಜಿ ಚುಚ್ಚಿದರು, ಇನ್ನೊಂದು ಚುಚ್ಚಿದರು. ಉಸಿರು ಸಲೀಸಾಯಿತು. ಫಕೀರವ್ವ ಬದುಕಿದಳು.

ಹೊತ್ತು ಮುಳುಗುವಾಗ ಅಜ್ಜಾರು ಒಬ್ಬರೇ ಮರಳಿದರು. ಐವರು ಹಿರಿಯರು ಇನ್ನೂ ಕಾಯುತ್ತಿದ್ದರು.

"ನಿಮ್ಮ ಆಶ್ರಮಕ್ಕ ಬ್ಯಾರೆಯವ್ರನ್ನ ನೋಡ್ಕೋರಿ" ಎಂದರು ಅಜ್ಜಾರು. "ಇಂವನ್ನ ನಾ ಕೊಡಂಗಿಲ್ಲ."

ಹಿರಿಯರು ಎದ್ದು ಹೋದರು. ಶಂಭುಲಿಂಗನ ಮುಖ ಕಪ್ಪಿಟ್ಟಿತು.

"ಏನ ಹಾಕಿದಿ?"

"ನಾಕ ಚಮಚ ಮಸರು, ಅಜ್ಜಾರ."

"ಯಾಕ?"

"ಶೇಂಗಾ ನೆನಿ ಹಾಕೂದು ಮರತಿದ್ದೆ. ರಸ ಬರಲಿಲ್ರಿ."

"ಆಕಿ ಎಲಿಗೆ ಬಡಸೂಮುಂದೂ ಮರತಿದ್ದೇನು?"

ಶಂಭುಲಿಂಗ ನೆಲ ನೋಡಿದ. "ಇಲ್ರಿ. ನೆನಪಿತ್ತು. ಎಲ್ಲಾ ಮನಸ್ಸಿನ ಆಟ ಅಂತ ನೀವ ಹೇಳೀರಿ. ಗೊತ್ತಿಲ್ಲದ ಉಂಡ್ರ ಆಕಿಗೆ ಏನೂ ಆಗೂದಿಲ್ಲ ಅಂದ್ಕೊಂಡೆ."

ಅಜ್ಜಾರು ಕಟ್ಟೆಯ ಮೇಲಿದ್ದ ಗಡಿಗೆಯನ್ನು ಎತ್ತಿ ಅಂಗಳಕ್ಕೆ ಅಪ್ಪಳಿಸಿದರು. ಉಳಿದ ಮೊಸರು ಶಂಭುಲಿಂಗನ ಮೊಣಕಾಲಿನವರೆಗೆ ಸಿಡಿಯಿತು.

"ನಿನ್ನ ಮೈಗಳ್ಳತನಕ್ಕ ನನ್ನ ಮಾತಿನ ಕಾವಿ ಉಡಸ್ತೀಯೇನೋ?"

ಒಂಬತ್ತು ವರ್ಷದಲ್ಲಿ ಅವರ ದನಿ ಅಷ್ಟು ಏರಿದ್ದನ್ನು ಅವನು ಕೇಳಿರಲಿಲ್ಲ. ಅವರ ಕಾಲಿಗೆ ಬಿದ್ದ.

"ಕ್ಷಮಿಸ್ರಿ, ಅಜ್ಜಾರ."

"ಊದಿದ್ದು ನನ್ನ ಗಂಟಲೇನು?"

ಮರುದಿನ ಶಂಭುಲಿಂಗ ಒಂದು ಶಾಲು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಫಕೀರವ್ವನ ಗುಡಿಸಲಿಗೆ ಹೋದ. ಅವಳು ದವಾಖಾನೆಯಿಂದ ಆಗಷ್ಟೇ ಬಂದು ಗೋಡೆಗೆ ಒರಗಿದ್ದಳು. ಎಲ್ಲಾ ಮನಸ್ಸಿನ ಆಟ ಎಂದುಕೊಂಡು ಬಡಿಸಿದ್ದನ್ನು ಒಪ್ಪಿಕೊಂಡು ಅವನು ಕಾಲು ಮುಟ್ಟಲು ಬಗ್ಗಿದ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ನನ್ನ ಗಂಟಲಾ ನಿನ್ನ ವಿದ್ಯಾ ತಿಕ್ಕಿ ನೋಡೂ ಕಲ್ಲೇನೋ?"

"ತಪ್ಪಾತಬೇ, ಯವ್ವಾ."

"ಊರ ಮಂದಿ ನನ್ನ ನಂಬಲಿಲ್ಲ. ನಾನೂ ಅವ್ರನ್ನ ನಂಬಲಿಲ್ಲ. ನಿಮ್ಮನ್ನ ನಂಬಿದ್ನಲ್ಲೋ! ಹನ್ನೊಂದ ವರ್ಷ ಕಣ್ಣ ಮುಚ್ಚಿ ತುತ್ತ ನುಂಗೀನಿ."

ಅವಳು ಶಾಲನ್ನು ಹೊರಗೆ ಎಸೆದಳು. ಹಣ್ಣನ್ನೂ ಎಸೆದಳು. "ಸೌತೀಕಾಯಿ ಬುಟ್ಟಿ ದಿನಾ ಬಾಗಲಾಗ ಇಟ್ಟ ಹೋಗ್ತೀನಿ. ಅದು ಅಜ್ಜಾರಿಗೆ ಕೊಟ್ಟ ಮಾತು. ಆದ್ರ ನಿಮ್ಮ ಪಂಕ್ತಿಗೆ ನಾ ಇನ್ನ ಕುಂದ್ರಂಗಿಲ್ಲ."

ಶಂಭುಲಿಂಗ ಬಂದು ಅಜ್ಜಾರ ಮುಂದೆ ನಿಂತ. ಅವನಿಗೂ ಸಿಟ್ಟು ಬಂದಿತ್ತು. "ಕಾಲ ಹಿಡಿಯಾಕ ಹೋದ್ರ ಕಾಲ ಕೊಡವಲ್ಲಳು. ನಾ ಇನ್ನೇನ ಮಾಡ್ಲಿ?"

"ಆಕಿ ಕಾಲ ಬಿಡು. ಒರಳಕಲ್ಲ ಹಿಡಿ."

"ಅಂದ್ರ?"

"ಒರಳು ಹೊರಗ ತಾ. ಒಳಗ ಯಾರಿಗೂ ಕಾಣಲಾರದಂಗ ರುಬ್ಬಿದಿ. ಇನ್ನ ಕಾಣೂ ಹಂಗ ರುಬ್ಬು."

ಹಾರೆ ಹಾಕಿ ಮೀಟಿ, ಅರ್ಧ ದಿನ ಉರುಳಿಸಿ, ಶಂಭುಲಿಂಗ ಒರಳನ್ನು ಅಂಗಳದ ಬೇವಿನ ಮರದ ಕೆಳಗೆ ತಂದ. ಹೊಳೆಗೆ ಹೋಗುವ ದಾರಿ ಅಲ್ಲಿಯೇ ಹಾಯುತ್ತಿತ್ತು. ಫಕೀರವ್ವ ಬುಟ್ಟಿ ಹೊತ್ತು ಬರುವ ದಾರಿಯೂ ಅದೇ.

ಬೂದಿ ಹಾಕಿ ತಿಕ್ಕಿ, ಬಿಸಿನೀರು ಸುರಿದು, ಒರಳನ್ನು ಏಳು ಸಲ ತೊಳೆದ. ಬೆನ್ನು ನೋಯುತ್ತಿತ್ತು.

"ಎಷ್ಟ ದಿನಾ ಹಿಂಗ, ಅಜ್ಜಾರ?"

"ಆಕೀನ ಕೇಳ್ಕೊಂಡ ಬಾ."

ಕೇಳಲು ಅವನು ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಅಜ್ಜಾರು ಪಂಕ್ತಿಗೆ ಕೂರಲಿಲ್ಲ. ತಮ್ಮ ಎಲೆಯನ್ನು ಎತ್ತಿಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಒಬ್ಬರೇ ಕುಳಿತರು.

"ನೀವ್ಯಾಕ ಹೊರಗ? ತಪ್ಪ ನಂದು" ಎಂದ ಶಂಭುಲಿಂಗ.

"ಅವತ್ತ ಮುಂಜಾನೆ ನೆನಿ ಹಾಕಿದ ಪಾತ್ರಿ ನನಗ ಕಾಣಲಿಲ್ಲ. ಕೇಳಬೇಕಂದೆ. ಬಂದವ್ರ ಮುಂದ ನಿನ್ನ ಮಾನ ಹೋದೀತಂತ ಬಾಯಿ ಮುಚ್ಚಿದೆ." ಅಜ್ಜಾರು ಕಲಸಿದ ತುತ್ತನ್ನು ಎಲೆಗೇ ಬಿಟ್ಟರು. "ಮಾತ ಕೊಟ್ಟಾಂವ ನಾನು. ನನ್ನ ಮ್ಯಾಲ ನನಗ ಎಷ್ಟ ಸಿಟ್ಟೈತಿ ನಿನಗ ಗೊತ್ತೇನು? ಹೋಗು, ಬಡಸು."

ದಿನಗಳು ಹೋದವು. ಶಂಭುಲಿಂಗ ಸಂಜೆ ನೆನೆಹಾಕಿದ, ಬೆಳಿಗ್ಗೆ ರುಬ್ಬಿದ. ಫಕೀರವ್ವನ ಮೇಲಿನ ಸಿಟ್ಟಿನಲ್ಲಿ ರುಬ್ಬಿದ. ಕೈ ತಪ್ಪಿದ ಹೊಸ ಆಶ್ರಮದ ಸಿಟ್ಟಿನಲ್ಲಿ ರುಬ್ಬಿದ. ರುಬ್ಬುತ್ತ ರುಬ್ಬುತ್ತ ಸಿಟ್ಟು ಕರಗುತ್ತದೆ ಎಂದು ಹೇಳುವವರಿದ್ದಾರೆ. ಅವರು ಒರಳಿನ ಮುಂದೆ ಕುಳಿತವರಲ್ಲ. ಸಿಟ್ಟು ಹಾಗೆಯೇ ಇತ್ತು. ಶೇಂಗಾ ಮಾತ್ರ ನುಣ್ಣಗಾಗುತ್ತಿತ್ತು.

ಫಕೀರವ್ವ ಬರುತ್ತಿದ್ದಳು, ಬಾಗಿಲಲ್ಲಿ ಬುಟ್ಟಿ ಇಡುತ್ತಿದ್ದಳು, ಒರಳಿನ ಕಡೆ ತಿರುಗದೆ ಹೋಗುತ್ತಿದ್ದಳು. ಮಧ್ಯಾಹ್ನ ಮರಳಿನಲ್ಲಿ ಒಬ್ಬಳೇ ಕುಳಿತು ರೊಟ್ಟಿ ತಿನ್ನುವುದು ಆಶ್ರಮದಿಂದ ಕಾಣುತ್ತಿತ್ತು. ಅದನ್ನು ನೋಡಿದ ದಿನ ಶಂಭುಲಿಂಗ ಅರ್ಧ ಊಟಕ್ಕೇ ಎಲೆಯಿಂದ ಎದ್ದ. ಅಂದಿನಿಂದ ಅವನ ಸಿಟ್ಟು ಅವಳನ್ನು ಬಿಟ್ಟು ಅವನ ಕಡೆಗೇ ತಿರುಗಿತು.

ಹದಿನೇಳನೆಯ ದಿನ ಅವಳು ದಾರಿಯಲ್ಲಿ ನಿಂತಳು.

"ಆ ತಂಬಿಗ್ಯಾಗ ಏನೈತಿ?"

"ನೀರುಬೇ."

"ಕುಡದ ತೋರಸು."

ಕುಡಿದು ತೋರಿಸಿದ. ಅವಳು ಹೋದಳು.

ಇನ್ನೊಂದು ದಿನ ಚಮಚ ಕೇಳಿ ಮೂಸಿ ನೋಡಿದಳು. ಮತ್ತೊಂದು ದಿನ ಅವನ ಹೆಗಲ ಮೇಲಿನ ಅರಿವೆಯನ್ನು ಜಗ್ಗಿ ನೋಡಿ, "ಇದನ್ನ ಯಾವ ನೀರಾಗ ಒಗದೀ?" ಎಂದಳು. ಶಂಭುಲಿಂಗ ಪ್ರತಿಯೊಂದಕ್ಕೂ ಉತ್ತರ ಕೊಟ್ಟ. ಬೇಸರ ಮಾಡಿಕೊಳ್ಳುವ ಹಕ್ಕು ತನಗಿಲ್ಲ ಎಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು.

ನಲವತ್ತನೆಯ ದಿನವೋ ಏನೋ, ಅವಳು ಬೆಳಿಗ್ಗೆಯೇ ಬಂದು ಬೇವಿನ ಬೇರಿನ ಮೇಲೆ ಕುಳಿತಳು. ಸಿಪ್ಪೆ ತಿಕ್ಕುವುದರಿಂದ ನಿಂಬೆ ಹಿಂಡುವವರೆಗೆ ಕಣ್ಣು ಕೀಳದೆ ನೋಡಿದಳು. ಅವನು ಪಚಡಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಾಗ ಹಿಂದೆಯೇ ಹೋದಳು. ಪಂಕ್ತಿಯಲ್ಲಿ ತನ್ನ ಹಳೆಯ ಜಾಗದಲ್ಲಿ ಕುಳಿತಳು.

ಶಂಭುಲಿಂಗ ಉಪ್ಪು ಹಾಕಿದ. ಬಡಿಸಿದ. ಒಂದಷ್ಟು ನೆಲಕ್ಕೆ ಚೆಲ್ಲಿತು.

ಅವಳು ಒಂದು ತುತ್ತು ತಿಂದಳು. ಗಂಟಲ ಮೇಲೆ ಕೈ ಇಟ್ಟುಕೊಂಡು ಕುಳಿತಳು. ಪಂಕ್ತಿಯಲ್ಲಿ ಯಾರೂ ಉಣ್ಣಲಿಲ್ಲ. ಬಹಳ ಹೊತ್ತಾಯಿತು. ಆಮೇಲೆ ಅವಳು ಕೈ ಕೆಳಗಿಳಿಸಿದಳು. ಎರಡನೆಯ ತುತ್ತು ತಿಂದಳು.

ಹೊರಗೆ ಮೆಟ್ಟಿಲ ಮೇಲಿದ್ದ ಅಜ್ಜಾರು ತಮ್ಮ ಎಲೆ ಎತ್ತಿಕೊಂಡು ಒಳಗೆ ಬಂದು ಪಂಕ್ತಿಯ ಕೊನೆಯಲ್ಲಿ ಕುಳಿತರು.

ಏಳುವಾಗ ಫಕೀರವ್ವ ಶಂಭುಲಿಂಗನಿಗೆ ಒಂದೇ ಮಾತು ಹೇಳಿದಳು. "ಮೂಲಂಗಿ ದಪ್ಪ ಆಗೇತಿ."

ಅಂದು ಸಂಜೆ ಶಂಭುಲಿಂಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಳೆಯಲ್ಲಿ ಮುಳುಗು ಹಾಕಿ ಬಂದ, ಮರೆತಿದ್ದ ಪ್ರವಚನವನ್ನು ಗುನುಗಿದ, ಹೊತ್ತು ಮುಳುಗಿದ ಮೇಲೆ ಅಜ್ಜಾರ ಬಳಿಗೆ ಓಡಿದ.

"ಅಜ್ಜಾರ, ಫಕೀರವ್ವ ನನ್ನ ಕ್ಷಮಿಸಿದ್ಲು! ಆಚೀ ದಂಡ್ಯಾವ್ರಿಗೆ ಇನ್ನ ಹೇಳಿ ಕಳಸೋಣೇನ್ರಿ?"

ಅಜ್ಜಾರು ತಲೆ ಎತ್ತಿದರು. ಅವರ ಕಣ್ಣಿನಲ್ಲಿ ಗಡಿಗೆ ಒಡೆದ ದಿನದ ಸಿಟ್ಟು ಅಷ್ಟೂ ಹಾಗೆಯೇ ಇತ್ತು.

"ಕ್ಷಮಿಸೀನಿ ಅಂತ ಆಕಿ ಅಂದ್ಲೇನು?"

"ಅನ್ನಲಿಲ್ರಿ. ಆದ್ರ ಉಂಡ್ಲಲ್ಲ!"

"ಹಸದಿದ್ಲು, ಉಂಡ್ಲು. ನಾಳಿಗೂ ಹಸೀತಾಳ. ಶೇಂಗಾ ನೆನಿ ಹಾಕೀಯೇನು?"