ನಾಲ್ಕು ಆವರ್ತದ ಉತ್ತರ

ಗುರುಗಳಿಗೆ ಗಡ್ಡವಿರಲಿಲ್ಲ. ಆಶ್ರಮವೂ ಇರಲಿಲ್ಲ. ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ, ಕ್ಯಾಂಟೀನಿನ ಹಿಂದೆ ಅವರಿಗೊಂದು ಕೋಣೆ ಕೊಟ್ಟಿದ್ದರು. ಸದ್ದಿನಿಂದ ವಿದ್ವಾಂಸರಿಗೆ ತೊಂದರೆಯಾಗಬಾರದಲ್ಲ.

ಹೆಸರು ಹಿಲರಿ ಲೋಬೊ. ಕಲಿಸುತ್ತಿದ್ದುದು ಜಾಝ್ ಸ್ಯಾಕ್ಸೋಫೋನ್.

ಶಿಷ್ಯೆ ತನುಜಾ ಬೆಳಿಗ್ಗೆ ಇತಿಹಾಸದ ಎಂ.ಎ. ತರಗತಿಯಲ್ಲಿರುತ್ತಿದ್ದಳು, ಸಂಜೆ ಇಲ್ಲಿ. ಎರಡೂ ಏಕೆ ಎಂದು ಕೇಳಿದವರಿಗೆ ಕೊಡಲು ಅವಳ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಒಂದನ್ನಾದರೂ ಏಕೆ ಓದುತ್ತಿದ್ದೇವೆ ಎಂಬುದಕ್ಕೆ ಕೇಳಿದವರ ಬಳಿಯೂ ಇರಲಿಲ್ಲ.

ಇತಿಹಾಸ ವಿಭಾಗದ ಮುಖ್ಯಸ್ಥೆ ಷರತ್ತು ಹಾಕಿದ್ದರು: ಈ ಸಲದ ವಾದನ ಪರೀಕ್ಷೆಯಲ್ಲಿ ಪಾಸಾದರೆ ಎರಡೂ ಇರಲಿ. ಇಲ್ಲವಾದರೆ ಸ್ಯಾಕ್ಸೋಫೋನ್ ಬಿಡು.

ಪರೀಕ್ಷೆಯಲ್ಲಿ ಗುರುಗಳು ತಾಳದ ನಾಲ್ಕು ಆವರ್ತ ನುಡಿಸಬೇಕು, ಶಿಷ್ಯೆ ನಾಲ್ಕು ಆವರ್ತದಲ್ಲಿ ಉತ್ತರ ಕೊಡಬೇಕು. ಮತ್ತೆ ಗುರುಗಳು, ಮತ್ತೆ ಶಿಷ್ಯೆ. ಏನನ್ನೂ ಮೊದಲೇ ಕಟ್ಟಿಕೊಂಡು ಬರುವಂತಿಲ್ಲ.

ತನುಜಾ ಎಲ್ಲವನ್ನೂ ಕಟ್ಟಿಕೊಂಡು ಬಂದಳು.

ಪರೀಕ್ಷೆಯ ಹಿಂದಿನ ದಿನ ಇಬ್ಬರೂ ನುಡಿಸಿ ನೋಡಿದರು. ಅವಳ ಒಂದು ಸ್ವರವೂ ತಪ್ಪಲಿಲ್ಲ. ಪ್ರತಿ ಸಲವೂ ಗುರುಗಳ ಕೊನೆಯ ಸ್ವರ ಮುಗಿಯುವ ಮೊದಲೇ ಶುರು ಮಾಡಿದಳು.

"ಲಾಯ್ಕುಂಟು," ಎಂದರು ಗುರುಗಳು. "ನಾನು ಎಂತ ನುಡಿಸಿದೆ?"

ಅವಳು ಯೋಚಿಸಿದಳು. "ಗೊತ್ತಾಗ್ಲಿಲ್ಲ ಸರ್. ನಾನು ನನ್ನದನ್ನು ನೆನಪು ಮಾಡ್ಕೊಳ್ತಿದ್ದೆ."

ಅವರು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟರು. "ಬಾ, ಚಾ ಕುಡಿಯುವ."

ಕ್ಯಾಂಟೀನಿನಲ್ಲಿ ಅವಳು ಚಮಚ ಹಿಡಿದು ಕೇಳಿದಳು: "ನಿಮಗೆ ಸಕ್ಕರೆ ಬೇಕಾ ಸರ್?"

"ನನ್ನ ಹೆಂಡತಿಯ ತವರು ಬಾರ್ಕೂರು."

ಅವಳಿಗೆ ಅರ್ಥವಾಗಲಿಲ್ಲ. "ನಾಳೆಯ ಪರೀಕ್ಷೆ ಯೋಚಿಸಿದ್ರೆ ಹೆದರಿಕೆ ಆಗ್ತದೆ ಸರ್."

"ಬಂಗುಡೆ ಮೀನಿನ ಸಾರಿಗೆ ಹುಳಿ ಸ್ವಲ್ಪ ಮುಂದೆ ಇರ್ಬೇಕು."

"ಸರ್, ಫೇಲಾದ್ರೆ ನಾನು ಇನ್ನು ಇಲ್ಲಿಗೆ ಬರುವ ಹಾಗಿಲ್ಲ!"

"ಅಭಿನಂದನೆಗಳು. ಮನೆಯಲ್ಲಿ ಎಲ್ಲರಿಗೂ ಹೇಳು."

ಅವಳು ಲೋಟ ಕುಕ್ಕಿದಳು. "ಎಂತ ಸರ್ ಇದು? ನಾನು ಹೇಳುದೆಂತ, ನೀವು ಹೇಳುದೆಂತ?"

"ಯಾಕೆ? ಎಲ್ಲ ಮನೆಯಿಂದಲೇ ತಯಾರು ಮಾಡಿಕೊಂಡು ಬಂದದ್ದು. ಒಂದಾದ್ರೂ ಶಬ್ದ ತಪ್ಪಿತಾ?"

ಪಕ್ಕದ ಮೇಜಿನವರು ತಿರುಗಿ ನೋಡಿದರು. ತನುಜಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಗುರುಗಳು ಸಕ್ಕರೆಯನ್ನು ತಾವೇ ಹಾಕಿಕೊಂಡರು.

"ಇತಿಹಾಸ ಓದಿಯೇ ಹೀಗಾದದ್ದು," ಎಂದಳು. "ಅಲ್ಲಿ ಆಧಾರ ಇಲ್ಲದೆ ಬಾಯಿ ತೆರೆಯುವ ಹಾಗಿಲ್ಲ. ಅದನ್ನೇ ಬಿಟ್ಟುಬಿಡ್ತೇನೆ."

"ಬಿಡ್ಬೇಡ ಮಾರಾಯ್ತಿ. ಸತ್ತವರು ಹೇಳಿದ್ದನ್ನು ದಿನವಿಡೀ ಲೈಬ್ರರಿಯಲ್ಲಿ ಕೂತು ಕೇಳ್ತೀ. ನಾನು ಇನ್ನೂ ಬದುಕಿದ್ದೇನೆ. ನಾಲ್ಕು ಆವರ್ತ ಕೇಳ್ಲಿಕ್ಕೆ ಆಗುದಿಲ್ವಾ?"

ಮರುದಿನ ಮೂವರು ಪರೀಕ್ಷಕರು ಕುಳಿತಿದ್ದರು. ಒಬ್ಬರು ಎಚ್ಚರವಾಗಿದ್ದರು.

ಗುರುಗಳು ನುಡಿಸಿದರು. ಅವರ ಕೊನೆಯ ಸ್ವರ ತನುಜಾಳ ಸರದಿಯೊಳಕ್ಕೂ ಚಾಚಿತು.

ಅವಳು ವಾದ್ಯವನ್ನು ತುಟಿಗಿಟ್ಟು ಸುಮ್ಮನೆ ನಿಂತಳು. ಒಂದು ಆವರ್ತ ಹೋಯಿತು. ಹಿಂದೆ ಕುಳಿತು ತಾಳ ಹಿಡಿದಿದ್ದ ಹುಡುಗನ ಡ್ರಮ್ಮು ಕೇಳುತ್ತಿತ್ತು. ಎರಡನೆಯದೂ ಹೋಯಿತು. ಎಚ್ಚರವಾಗಿದ್ದ ಪರೀಕ್ಷಕರು ಪೆನ್ನು ಎತ್ತಿಕೊಂಡರು.

ಆಮೇಲೆ ಅವಳು ಗುರುಗಳ ಆ ಕೊನೆಯ ಸ್ವರವನ್ನೇ ಎತ್ತಿಕೊಂಡು, ಮೆತ್ತಗೆ, ಪ್ರಶ್ನೆ ಕೇಳುವ ಹಾಗೆ, ಅವರಿಗೇ ವಾಪಸು ಕೊಟ್ಟಳು.

ಗುರುಗಳ ಹುಬ್ಬು ಮೇಲೇರಿತು. ಅವರೂ ಉತ್ತರ ಹುಡುಕಬೇಕಾಯಿತು.

ಫಲಿತಾಂಶ ಬಂದ ಸಂಜೆ ತನುಜಾ ಕೋಣೆಗೆ ಓಡಿಬಂದಳು.

"ಪಾಸು ಸರ್! ಅಂಚಿನಲ್ಲಿ. ಎರಡು ಆವರ್ತ ಖಾಲಿ ಬಿಟ್ಟೆ ಅಂತ ಅಂಕ ಕಳೆದಿದ್ದಾರೆ."

ಗುರುಗಳು ವಾದ್ಯ ಒರೆಸುತ್ತಿದ್ದರು. ತಲೆಯೆತ್ತಲಿಲ್ಲ.

"ಖಾಲಿ ಎಲ್ಲಿ? ಅಲ್ಲಿ ನನ್ನ ಕೊನೆಯ ಸ್ವರ ಇತ್ತಲ್ಲ. ಪಾಪ, ಅದಕ್ಕೆ ಪೂರ್ತಿ ಮುಗಿಯಲಿಕ್ಕೆ ಸಿಕ್ಕಿದ್ದು ಅದೇ ಮೊದಲು."