ಹೂವಿನ ಗಾಡಿಯ ಚೈನು

ಶಿಷ್ಯ ಕೇಳಿದ: "ಗುರುಗಳೇ, ಎಣ್ಣೆಗೂ ಮಮತೆಗೂ ಶಾಸ್ತ್ರದಲ್ಲಿ ಒಂದೇ ಹೆಸರು, ಸ್ನೇಹ. ಎಣ್ಣೆ ಇದ್ದಲ್ಲಿ ಧೂಳು ಅಂಟುತ್ತದೆ. ಮಮತೆ ಇದ್ದಲ್ಲಿ ದುಃಖ ಅಂಟುತ್ತದೆ. ಹಾಗಿರುವಾಗ ಅದನ್ನು ಪೂರ್ತಿ ತೊಳೆದುಬಿಟ್ಟರೆ ಆಗದೇ?"

ಶಿಷ್ಯನ ಹೆಸರು ಪಂಪಣ್ಣ. ಹಿಂದಿನ ದಿನ ಅವನ ಊರಿನವನೊಬ್ಬ ಮಠಕ್ಕೆ ಬಂದಿದ್ದ. ಪಂಪಣ್ಣನ ತಂಗಿಗೆ ಹೆರಿಗೆ ಬಹಳ ಕಷ್ಟವಾಯಿತೆಂದೂ, ಹೇಗೋ ತಾಯಿ ಮಗು ಇಬ್ಬರೂ ಉಳಿದರೆಂದೂ ಹೇಳಿ ಹೋಗಿದ್ದ. ಆಗಿನಿಂದ ಪಂಪಣ್ಣನಿಗೆ ಧ್ಯಾನ ಕೂಡಿರಲಿಲ್ಲ. ಕಣ್ಣು ಮುಚ್ಚಿದರೆ ತಂಗಿಯ ಮುಖ ಬರುತ್ತಿತ್ತು.

ಗುರುಗಳು ಕೇಳಿದರು: "ನೀನು ಎಂದಾದರೂ ಮೋಟಾರ್ ಸೈಕಲ್ಲಿನ ಚೈನು ತೊಳೆದಿದ್ದೀಯಾ?"

ಪಂಪಣ್ಣ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನೋಡಿದ. "ಇಲ್ಲ," ಎಂದ.

"ತೊಳೆದವನೊಬ್ಬನ ಕತೆ ಹೇಳುತ್ತೇನೆ, ಕೇಳು."

ಮಲ್ಲಿಗೆ ಬೆಳೆಯುವ ಸೀಮೆಯಲ್ಲಿ ಗಾದಿಲಿಂಗ ಎಂಬುವನಿದ್ದ. ಅವನಿಗೆ ಮಾರೆಕ್ಕ ಎಂಬ ಅಕ್ಕ. ತಾಯಿ ಸತ್ತಾಗ ಅವನು ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಎತ್ತಿ ಬೆಳೆಸಿದವಳು ಅವಳೇ. ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದಳು. ಅವಳು ಹೂ ಕಟ್ಟುತ್ತಿದ್ದಳು. ಅವನು ಆ ಹೂವನ್ನು ಮೋಟಾರ್ ಸೈಕಲ್ಲಿನ ಹಿಂದೆ ಬುಟ್ಟಿಯಲ್ಲಿಟ್ಟುಕೊಂಡು ಪಟ್ಟಣಕ್ಕೆ ಒಯ್ಯುತ್ತಿದ್ದ. ಊರಿನಿಂದ ಪಟ್ಟಣದವರೆಗೂ ಕೆಂಪು ಮಣ್ಣಿನ ದಾರಿ. ಅವನು ಹಾದುಹೋದ ಮೇಲೆ ಆ ದಾರಿಯಲ್ಲಿ ಧೂಳಿನ ಜೊತೆ ಮಲ್ಲಿಗೆಯ ವಾಸನೆಯೂ ಸ್ವಲ್ಪ ಹೊತ್ತು ನಿಂತಿರುತ್ತಿತ್ತು.

ಅವನ ಗಾಡಿಯ ಚೈನ್ ಕವರು ಎಂದೋ ಮುರಿದು ಬಿದ್ದಿತ್ತು. ಚೈನು ಒಣಗಬಾರದೆಂದು ಅವನು ಅದಕ್ಕೆ ಆಗಾಗ ಎಣ್ಣೆ ಸುರಿಯುತ್ತಿದ್ದ. ಒರೆಸುವ ಅಭ್ಯಾಸ ಇರಲಿಲ್ಲ. ಎಣ್ಣೆಗೆ ಧೂಳು ಕೂತು, ಧೂಳಿನ ಮೇಲೆ ಮತ್ತೆ ಎಣ್ಣೆ ಬಿದ್ದು, ಚೈನು ಕಪ್ಪು ಹಗ್ಗದಂತಾಗಿತ್ತು.

ಒಂದು ಮದುವೆಗೆ ಹೂ ಒಯ್ಯುವುದಿತ್ತು. ಮಾರೆಕ್ಕ ಬಹಳ ಮುತುವರ್ಜಿಯಿಂದ ಮಾಲೆ ಕಟ್ಟಿದ್ದಳು. ತಾನೂ ಬರುತ್ತೇನೆಂದು ಗಾಡಿ ಹತ್ತಿದಳು. ಮದುವೆಮನೆಯಲ್ಲಿ ಬುಟ್ಟಿಯ ಮೇಲಿನ ಬಟ್ಟೆ ತೆಗೆದಾಗ ಬಿಳಿ ಹೂವಿನ ಮೇಲೆಲ್ಲ ಕಪ್ಪು ಹನಿಗಳು. ಚೈನಿನ ಎಣ್ಣೆ ದಾರಿಯುದ್ದಕ್ಕೂ ಬುಟ್ಟಿಯ ಸಂದುಗಳಿಂದ ಒಳಗೆ ಸಿಡಿದಿತ್ತು. ಮದುಮಗಳ ಅಜ್ಜಿ ಮಾಲೆಯನ್ನು ಎತ್ತಿ ನೋಡಿದಳು. ಮೆಲ್ಲಗೆ ತಿರುಗಿ ಬುಟ್ಟಿಯಲ್ಲಿಟ್ಟಳು.

ಗಾದಿಲಿಂಗ ಬಗ್ಗಿ ಬುಟ್ಟಿ ಎತ್ತಿಕೊಂಡ. ಅವನ ಕೆನ್ನೆಯ ಮೇಲೂ ಎಣ್ಣೆಯ ಕಲೆಯಿತ್ತು. ಮಾರೆಕ್ಕ ಎಲ್ಲರ ಎದುರಿಗೇ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಜನ ನಕ್ಕರು. ಅವನು ಅವಳ ಕೈ ತಳ್ಳಿದ.

"ಬಿಡಬೇ ಅಕ್ಕಾ, ನಾನೇನು ಕೂಸೇನು?"

ಆ ಮಧ್ಯಾಹ್ನ ಅವನು ಅಂಗಳದ ಬೇವಿನ ನೆರಳಿನಲ್ಲಿ ಗೋಣಿತಾಟು ಹಾಸಿ, ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಹಳೆಯ ಡಬ್ಬಿಯಲ್ಲಿ ಸೀಮೆಎಣ್ಣೆ ತಂದ. ಬ್ರಶ್ಶನ್ನು ಅದರಲ್ಲಿ ಅದ್ದಿ ಚೈನನ್ನು ಉಜ್ಜತೊಡಗಿದ. ಒಂದು ಕೈಯಲ್ಲಿ ಚಕ್ರ ತಿರುಗಿಸಿದ, ಇನ್ನೊಂದು ಕೈಯಲ್ಲಿ ಉಜ್ಜಿದ. ಕೊಂಡಿಗಳು ಒಂದಾದ ಮೇಲೊಂದು ಬಂದವು. ಕಪ್ಪು ನೀರು ಗೋಣಿತಾಟಿಗೆ ಇಳಿಯಿತು. ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿದ. ಆ ಕಪ್ಪಿನೊಳಗಿಂದ ಕೊನೆಗೆ ಬಿಳಿ ಉಕ್ಕು ಹೊರಬಂತು. ತನ್ನ ಚೈನಿನ ಬಣ್ಣ ಅದೆಂದು ಅವನಿಗೆ ಆವರೆಗೆ ಗೊತ್ತೇ ಇರಲಿಲ್ಲ.

ಅವನು ಉಜ್ಜುವುದನ್ನು ನಿಲ್ಲಿಸಿ ಚಕ್ರವನ್ನು ಸುಮ್ಮನೆ ತಿರುಗಿಸುತ್ತಾ ಕುಳಿತ. ಮನೆಯ ಒಳಗಿಂದ ಮೊಗ್ಗಿನ ವಾಸನೆ, ಕೈಯಿಂದ ಸೀಮೆಎಣ್ಣೆಯ ವಾಸನೆ. ಹೊಳೆಯುವ ಕೊಂಡಿಗಳು ಬಂದವು, ಹೋದವು, ಮತ್ತೆ ಬಂದವು. ಮೊದಲ ಕೊಂಡಿ ಯಾವುದು, ಕೊನೆಯದು ಯಾವುದು ಎಂದು ತಿಳಿಯಲಿಲ್ಲ. ಅವನಿಗೆ ಜೊಂಪು ಹತ್ತಿತು.

ಆ ಜೊಂಪಿನಲ್ಲಿ ಅವನು ಗಾಡಿ ಓಡಿಸುತ್ತಿದ್ದ. ದಾರಿಯಲ್ಲಿ ಧೂಳಿರಲಿಲ್ಲ. ಗಾಡಿಗೆ ಸದ್ದಿರಲಿಲ್ಲ. ಒಂದು ಊರು ಬಂತು. ಆ ಊರಿನಲ್ಲಿ ಯಾರೂ ಇರಲಿಲ್ಲ. ಬಾಗಿಲುಗಳೆಲ್ಲ ತೆರೆದಿದ್ದವು, ನೆಲವೆಲ್ಲ ಗುಡಿಸಿತ್ತು. ಯಾರೂ ಅವನನ್ನು ಕರೆಯಲಿಲ್ಲ, ಉಂಡೆಯಾ ಎಂದು ಕೇಳಲಿಲ್ಲ. ಇನ್ನೊಂದು ಊರು ಬಂತು, ಅದೂ ಹಾಗೆಯೇ. ಅವನು ಹಗುರಾಗಿ ಹೋಗುತ್ತಲೇ ಇದ್ದ.

ಎಚ್ಚರವಾದಾಗ ಚಕ್ರ ನಿಂತಿತ್ತು. ಆದರೂ ಆ ಹಗುರ ಅವನ ಮೈಯಲ್ಲಿ ಉಳಿದಿತ್ತು. ಚೈನಿಗೆ ಸುರಿಯುತ್ತಿದ್ದ ಎಣ್ಣೆಯ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟ. ಎಣ್ಣೆ ಇದ್ದರಲ್ಲವೇ ಧೂಳು ಅಂಟುವುದು, ಇನ್ನು ಈ ಚೈನಿಗೆ ಎಣ್ಣೆಯೇ ಬೇಡ ಎಂದುಕೊಂಡ.

ಮರುದಿನ ಚೈನಿಗೆ ಧೂಳು ಅಂಟಲಿಲ್ಲ. ಹೂವು ಬಿಳಿಯಾಗಿಯೇ ಪಟ್ಟಣ ತಲುಪಿತು. ಅದರ ಮರುದಿನವೂ ಹಾಗೆಯೇ. ಗಾದಿಲಿಂಗನಿಗೆ ತಾನೊಂದು ಗುಟ್ಟು ಕಂಡುಕೊಂಡೆ ಅನ್ನಿಸಿತು. ಚೈನಿಗೆ ಸರಿಹೋದದ್ದು ಮನೆಗೂ ಸರಿಹೋದೀತು ಎಂದು ಅವನು ಎಣಿಸಿದ.

ಮಾರೆಕ್ಕ ಅವನು ಬರುವವರೆಗೆ ಉಣ್ಣದೆ ಕಾಯುತ್ತಿದ್ದಳು. ನನಗಾಗಿ ಕಾಯಬೇಡ ಎಂದ. ಎಲ್ಲಿಗೆ ಹೊರಟೆ, ಯಾಕೆ ತಡವಾಯಿತು ಎಂದು ಕೇಳುತ್ತಿದ್ದಳು. ಕೇಳಬೇಡ ಎಂದ. ಅವಳು ಕಾಯುವುದನ್ನು ಬಿಟ್ಟಳು, ಕೇಳುವುದನ್ನು ಬಿಟ್ಟಳು. ಅವನ ತಟ್ಟೆಯನ್ನು ಮುಚ್ಚಿಟ್ಟು ಹೂವಿನ ಮುಂದೆ ಕೂರುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆಯಾಯಿತು. ಅದನ್ನು ಅವನು ನೆಮ್ಮದಿ ಅಂದುಕೊಂಡ.

ಕೆಲವು ವಾರ ಕಳೆದ ಮೇಲೆ ಚೈನು ಸದ್ದು ಮಾಡತೊಡಗಿತು. ಮೊದಲು ಇರುವೆಯಷ್ಟು ಸಣ್ಣ ಸದ್ದು. ಆಮೇಲೆ ದಿನಕ್ಕಿಷ್ಟು ಬೆಳೆಯಿತು. ಅವನು ಮತ್ತೆ ಸೀಮೆಎಣ್ಣೆಯಲ್ಲಿ ತೊಳೆದ. ತೊಳೆದ ದಿನ ಸುಮ್ಮನಾಯಿತು, ಸೀಮೆಎಣ್ಣೆ ಆರಿದ ಕೂಡಲೇ ಮತ್ತೆ ಶುರುವಾಯಿತು. ಹೀಗಾಗಿ ಅವನು ಮಧ್ಯಾಹ್ನವೆಲ್ಲ ಚೈನು ತೊಳೆಯುವುದರಲ್ಲೇ ಕಳೆದ. ಇದ್ದಬದ್ದ ಪಸೆಯೂ ಹೋಯಿತು. ಕೊಂಡಿಗಳ ಸಂದಿನಲ್ಲಿ ತುಕ್ಕು ಕೂತಿತು.

ಒಂದು ದಿನ ಮಾರೆಕ್ಕ ತಡೆಯಲಾರದೆ ಹೇಳಿದಳು: "ಗಾಡಿ ನರಳಾಕತ್ತೈತಲ್ಲೋ ತಮ್ಮಾ."

"ನರಳಲಿ. ಸ್ವಚ್ಛ ಐತಲ್ಲ?"

ಸಂಜೆ ಅವನು ಅಂಗಳಕ್ಕೆ ಬಂದಾಗ ಗಾಡಿಯ ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಹರಳೆಣ್ಣೆ ಇತ್ತು. ಯಾರು ಇಟ್ಟರೆಂದು ಅವನು ಕೇಳಲಿಲ್ಲ. ಬಟ್ಟಲನ್ನು ಒಯ್ದು ಅಡುಗೆಮನೆಯ ಗೂಡಿನಲ್ಲಿಟ್ಟು ಬಂದ.

ಆಮೇಲೊಂದು ದಿನ ನೆಂಟರ ಮನೆಯಲ್ಲಿ ಕೂಸಿಗೆ ಹೆಸರಿಡುವುದಿತ್ತು. ಮಾರೆಕ್ಕ ಹೂವಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯ ಹಿಂದೆ ಕೂತಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಚೈನು ಮಾತ್ರ ಕಿರುಗುಟ್ಟುತ್ತಿತ್ತು. ಕೆರೆಯ ಏರಿ ಇಳಿಯುವ ಕಡೆ ಆ ಸದ್ದು ಥಟ್ಟನೆ ನಿಂತಿತು. ಗಾದಿಲಿಂಗ ಒಂದು ಕ್ಷಣ, ಆಹಾ, ಎಷ್ಟು ಹಾಯಾಗಿದೆ ಅಂದುಕೊಂಡ. ಅಷ್ಟರಲ್ಲಿ ತುಂಡಾದ ಚೈನು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಚಕ್ರ ಹಿಡಿದು ನಿಂತಿತು. ಗಾಡಿ ಮಗ್ಗುಲಾಯಿತು.

ಅವನಿಗೆ ಆ ಬೀಳುವಿಕೆ ಬಹಳ ನಿಧಾನವಾಗಿ ನಡೆದಂತೆ ಕಂಡಿತು. ಗಾಳಿಯಲ್ಲಿ ಮಲ್ಲಿಗೆ ಹಾರಿತು. ಕೆರೆಯ ನೀರು ಓರೆಯಾಯಿತು. ಅಂಚಿನ ಕಲ್ಲು ಅವನ ಕಡೆಗೆ ಬಂತು. ಆ ಕಲ್ಲಿಗೂ ಅವನ ತಲೆಗೂ ನಡುವೆ ಮೆತ್ತಗಿನದೇನೋ ಸಿಕ್ಕಿಕೊಂಡಿತು.

ಅದು ಮಾರೆಕ್ಕನ ಕೈ. ಬೀಳುವಾಗ ಅವಳು ಮಡಿಲಿನ ಬುಟ್ಟಿ ಬಿಟ್ಟು ತಮ್ಮನ ತಲೆ ಹಿಡಿದಿದ್ದಳು.

ಅವನು ಎದ್ದು ಕೂತ. ಅವನ ಮೊಣಕಾಲು ತರಚಿತ್ತು, ಅಷ್ಟೇ. ಅವಳ ಬಲಗೈಯ ಮಣಿಕಟ್ಟು ಮುರಿದು ಜೋಲುತ್ತಿತ್ತು. ಸುತ್ತಲೂ ಕೆಂಪು ಮಣ್ಣಿನ ಮೇಲೆ ಹೂ ಚೆಲ್ಲಿತ್ತು. ಅವಳು ಆ ಕೈಯನ್ನು ಎದೆಗವಚಿಕೊಂಡು ಅವನ ಮುಖವನ್ನೇ ನೋಡಿದಳು.

"ನಿನಗೇನೂ ಆಗ್ಲಿಲ್ಲಲ್ಲೋ?" ಎಂದು ಕೇಳಿದಳು.

ಕೇಳಬೇಡ ಎಂದು ಹೇಳಿದ್ದವನು ಅವನು. ಧೂಳಿನಲ್ಲಿ ಕೂತು ಅತ್ತ.

ಆಸ್ಪತ್ರೆಯಲ್ಲಿ ಅವಳ ಕೈಗೆ ಪಟ್ಟಿ ಹಾಕಿದರು. ಪಟ್ಟಿ ಬಿಚ್ಚಿದ ಮೇಲೆ ಎಲುಬು ಕೂಡಿತ್ತು, ಬೆರಳು ಮಾತ್ರ ಮಡಚುತ್ತಿರಲಿಲ್ಲ. ಬೆಚ್ಚಗಿನ ಎಣ್ಣೆ ಹಚ್ಚಿ ದಿನಾ ನೀವಬೇಕು, ಬಿಡದೆ ಆಡಿಸಬೇಕು ಎಂದು ಹೇಳಿ ಕಳಿಸಿದರು.

ಗಾದಿಲಿಂಗ ಹರಳೆಣ್ಣೆ ಬಿಸಿ ಮಾಡಿ ಅಕ್ಕನ ಎದುರು ಕೂತ. ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡ. ಎಷ್ಟೋ ವರ್ಷದಿಂದ ಅವನು ಆ ಕೈಯನ್ನು ಹಿಡಿದಿರಲಿಲ್ಲ. ಮೊದಲ ದಿನ ಎಣ್ಣೆ ಹೆಚ್ಚು ಹಾಕಿದ. ಅದು ಮೊಣಕೈವರೆಗೂ ಹರಿದು ಸೀರೆಗೆ ಇಳಿಯಿತು. ಮಾರೆಕ್ಕ ನಕ್ಕಳು. ಅವನೂ ನಕ್ಕ. ಆಮೇಲೆ ಮೆಲ್ಲಗೆ ನೀವಿದ. ಒಂದೊಂದೇ ಗೆಣ್ಣನ್ನು ಹಿಡಿದು ಆಡಿಸಿದ. ನೋವಾದಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು, ಅವನು ನಿಲ್ಲಿಸುತ್ತಿದ್ದ. ಹಾಗೆ ನಿಲ್ಲಿಸಿದಾಗೆಲ್ಲ ಏನಾದರೂ ಮಾತಾಡುತ್ತಿದ್ದ. ಪಟ್ಟಣದ ಹೂವಿನ ಸಂತೆಯ ಸುದ್ದಿ ಹೇಳಿದ. ಯಾರೂ ಇಲ್ಲದ ಊರುಗಳಲ್ಲಿ ಗಾಡಿ ಓಡಿಸಿದ ಕನಸನ್ನೂ ಹೇಳಿದ.

"ಆ ಊರಾಗ ನಾನೂ ಇರಲಿಲ್ಲೇನು?" ಎಂದಳು ಅವಳು.

"ಇರಲಿಲ್ಲ."

"ಮತ್ತೆ ನಿನಗೆ ಉಣ್ಣಾಕ ಯಾರು ಇಟ್ಟರು?"

ಅವನು ಅವಳ ಕಿರುಬೆರಳನ್ನು ಮೆಲ್ಲಗೆ ಮಡಚಿದ. ಅದು ಅವತ್ತು ಸ್ವಲ್ಪ ಬಾಗಿತು.

ಗಾಡಿಗೆ ಹೊಸ ಚೈನು ಹಾಕಿಸಿದ. ಈಗಲೂ ಅವನು ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾನೆ, ಬಟ್ಟೆಯಿಂದ ಒರೆಸಿ ಆರಲು ಬಿಡುತ್ತಾನೆ. ಆದರೆ ಆರಿದ ಮೇಲೆ ಚಕ್ರ ತಿರುಗಿಸುತ್ತಾ ಕೊಂಡಿಗಳ ಒಳಗೆ ಹನಿಹನಿಯಾಗಿ ಎಣ್ಣೆ ಬಿಡುತ್ತಾನೆ. ಅದು ಒಳಗಿಳಿಯಲೆಂದು ಕಾಯುತ್ತಾನೆ. ಹೊರಗೆ ಉಳಿದದ್ದನ್ನು ಒರೆಸುತ್ತಾನೆ. ಅಷ್ಟಾದರೂ ಧೂಳು ಬರುತ್ತದೆ. ಬಂದಾಗ ಮತ್ತೆ ಗೋಣಿತಾಟು ಹಾಸುತ್ತಾನೆ.

ಮಾರೆಕ್ಕನ ಬೆರಳು ಮೊದಲಿನಷ್ಟು ಮಡಚಲೇ ಇಲ್ಲ. ಅವಳು ಕಟ್ಟಿದ ಮಾಲೆ ಈಗ ಸಡಿಲ. ಹಾಗಾಗಿ ಗಾದಿಲಿಂಗನೂ ಪಕ್ಕದಲ್ಲಿ ಕೂತು ಬಾಳೆನಾರು ಹಿಡಿದು ಹೂ ಕಟ್ಟುವುದನ್ನು ಕಲಿತ. ಅವನದು ಅವಳದಕ್ಕಿಂತ ಸಡಿಲ. ಪಟ್ಟಣದ ಹೂವಿನ ಹೆಂಗಸರು ಅದನ್ನು ಎತ್ತಿ ತೋರಿಸಿ ನಗುತ್ತಾರೆ, ಆದರೂ ತೆಗೆದುಕೊಳ್ಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ಪಂಪಣ್ಣ ಕೇಳಿದ: "ಹಾಗಾದರೆ ಎಣ್ಣೆ ಎಷ್ಟಿರಬೇಕು ಗುರುಗಳೇ? ಹೂವಿಗೂ ಸಿಡಿಯಬಾರದು, ಚೈನೂ ತುಂಡಾಗಬಾರದು. ಅದರ ಅಳತೆ ಯಾವುದು?"

ಗುರುಗಳು ಹೇಳಿದರು: "ಅಕ್ಕನ ಕೈ ನೀವುವಾಗ ಗಾದಿಲಿಂಗ ಅದನ್ನು ಯಾರನ್ನೂ ಕೇಳಲಿಲ್ಲ, ಪಂಪಣ್ಣ."